ಮೂವತ್ತನಾಲ್ಕನೆಯ ಸಾಲು

ನವೆಂಬರ್ 16, ಶನಿವಾರ

ಇದನ್ನು ಬರೆಯದೆ ಬಿಟ್ಟುಬಿಡುವುದರಲ್ಲಿದ್ದೆ. ತಾರೀಖು ಹಾಕಿ, ಸ್ಕೋರು ಬರೆದು, ‘ಇಡೀ ಆಟ ಮಳೆ’ ಎಂದು ಸೇರಿಸಿ ಪುಸ್ತಕ ಮುಚ್ಚಿಯೂ ಆಗಿತ್ತು. ಆದರೆ ನಾನೊಬ್ಬಳೇ ಓದುವ ಪುಸ್ತಕದಲ್ಲೂ ಮುಚ್ಚುಮರೆ ಮಾಡುವುದಾದರೆ ಇದನ್ನು ಇಟ್ಟುಕೊಂಡು ಏನು ಪ್ರಯೋಜನ? ಹಾಗಾಗಿ ಬರೆಯುತ್ತೇನೆ. ನಿನ್ನೆಯ ಫುಟ್‌ಬಾಲ್ ಆಟದಲ್ಲಿ ಚೆಂಡು ಎದುರಾಳಿಯ ಕೈ ಸೇರಿದಾಗ ನನಗೆ ಮೊದಲು ಆದದ್ದು ದುಃಖವಲ್ಲ, ಸಮಾಧಾನ. ಹಿಂದಿನ ಸಾಲಿನವರು ಮೊದಲು ಬೈದದ್ದು ನನ್ನ ಮಗನನ್ನಲ್ಲ ಎಂಬ ಸಮಾಧಾನ. ದುಃಖ ಆಮೇಲೆ ಬಂತು.

ಆ ಕೊನೆಯ ಆಟವನ್ನು ನಿಧಾನವಾಗಿ ಬರೆದು ನೋಡುತ್ತೇನೆ. ನಾವು ಮೂರು ಪಾಯಿಂಟ್ ಹಿಂದೆ. ಗಡಿಯಾರದಲ್ಲಿ ಮೂವತ್ತೊಂದು ಸೆಕೆಂಡು. ಗೆರೆ ದಾಟಲು ಹನ್ನೆರಡು ಗಜ. ದಾಟಿದರೆ ಡಾಸನ್ ಫೆರಿ ಹೈಸ್ಕೂಲು ಇಪ್ಪತ್ತಾರು ವರ್ಷಗಳ ಮೇಲೆ ಓಹಾಯೊ ರಾಜ್ಯದ ಸೆಮಿಫೈನಲ್ ತಲುಪುತ್ತಿತ್ತು. ಇಪ್ಪತ್ತಾರು ವರ್ಷದ ಹಿಂದಿನ ತಂಡದಲ್ಲಿ ನನ್ನ ಗಂಡ ಡೀನ್ ಇದ್ದ. ಕೋಚ್ ಬಿಡ್ಲ್ ಅಂಚಿನಲ್ಲಿ ನಿಂತು ಬೆರಳೆತ್ತಿ ತೋರಿಸಿದರು: ಮೂರು, ನಾಲ್ಕು. ಹುಡುಗರೆಲ್ಲ ಮಣಿಕಟ್ಟಿನ ಪಟ್ಟಿ ತೆರೆದು, ಯಾವ ಸಂಖ್ಯೆಗೆ ಯಾರು ಎತ್ತ ಓಡಬೇಕೆಂದು ಬರೆದ ಒಳಗಿನ ಚೀಟಿಯಲ್ಲಿ ಮೂವತ್ತನಾಲ್ಕನೆಯ ಸಾಲು ನೋಡಿಕೊಂಡರು. ನನ್ನ ಮಗ ಗ್ರೇಡಿ ಕ್ವಾರ್ಟರ್‌ಬ್ಯಾಕ್, ಎಸೆಯುವವನು. ಹೊರಮೂಲೆಗೆ ಎಸೆದ. ರಿಸೀವರ್ ಹೊರಕ್ಕೆ ಓಡಿ ಅದನ್ನು ಹಿಡಿಯಬೇಕಿತ್ತು. ರಿಸೀವರ್ ಆಗಿದ್ದ ಪ್ರೂಯಿಟ್ ಹುಡುಗ, ಎಂಬತ್ತೊಂದನೆ ನಂಬರಿನವನು, ಒಳಕ್ಕೆ ತಿರುಗಿದ. ಚೆಂಡು ಹೋದ ಕಡೆ ನಮ್ಮವರು ಯಾರೂ ಇರಲಿಲ್ಲ. ಅವರ ಹುಡುಗನೊಬ್ಬ ಮಾತ್ರ ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದ.

“ಲೋ ಎಂಬತ್ತೊಂದು! ಎಲ್ಲಿಗೋ ಹೊರಟೆ? ಮನೆಗಾ?” ಎಂದು ರಸ್ ಹೋಲ್ಕಂಬ್ ಕಿರುಚಿದ. ಅವನು ಬೆಂಬಲಿಗರ ಸಂಘದ ಅಧ್ಯಕ್ಷ.

“ಅವ್ನು ಎಲ್ಲಿದಾನೆ ಅಂತ ನೋಡ್ದೆ ಎಸೆದ್ರೆ ಹಿಂಗೇ ಆಗೋದು. ಕ್ವಾರ್ಟರ್‌ಬ್ಯಾಕ್‌ಗೆ ಕಣ್ಣಿಲ್ವಾ?” ಎಂದಿತು ಇನ್ನೊಂದು ದನಿ.

“ಶ್! ಅವರಮ್ಮ ಮುಂದೇನೇ ಕೂತಿದಾರೆ.”

“ಕೂತಿರ್ಲಿ ಬಿಡು. ನಾನೇನ್ ಸುಳ್ಳು ಹೇಳಿದ್ನಾ?”

ನಾನು ತಿರುಗಿ ನೋಡಲಿಲ್ಲ.

ಇವತ್ತು ಬೆಳಿಗ್ಗೆ ಕೋಚ್ ಫೋನ್ ಮಾಡಿದರು. “ಮಾರ್ಸಿ, ಸುಮ್ನೆ ಕೇಳ್ತಿದೀನಿ. ಆ ಹುಡುಗ ‘ನನ್ನ ಚೀಟೀಲಿ ಒಳಕ್ಕೆ ಅಂತಾನೇ ಇತ್ತು’ ಅಂತಾನೆ. ಚೀಟಿ ಎಲ್ಲಾ ಒಂದೇ ತಾನೆ?”

“ಎಲ್ಲಾ ಒಂದೇ ಹಾಳೇಲಿ ಕತ್ತರಿಸಿದ್ದು, ಕೋಚ್” ಎಂದೆ. ನಾಲ್ಕು ವರ್ಷದಿಂದ ಪ್ರತಿ ಗುರುವಾರ ನನ್ನ ಅಡುಗೆಮನೆ ಮೇಜಿನ ಮೇಲೆ ನಾನೇ ಕತ್ತರಿಸುತ್ತೇನೆ. ಎದುರಾಳಿಗಳು ನಮ್ಮ ಸಂಖ್ಯೆಗಳನ್ನು ಕಲಿತುಬಿಡಬಾರದೆಂದು ವಾರವಾರವೂ ಕೆಳಗಿನ ಸಾಲುಗಳನ್ನು ಬದಲಿಸುತ್ತೇವೆ. ಒಂದು ಅಕ್ಷರ ತಪ್ಪಾಗಿಲ್ಲ ಇಲ್ಲಿಯವರೆಗೆ.

“ನಂಗೊತ್ತಿತ್ತು. ಹುಡುಗ್ರು, ಏನಾದ್ರೂ ನೆಪ ಹುಡುಕ್ತಾವೆ” ಎಂದು ಫೋನ್ ಇಟ್ಟರು.

ಗ್ರೇಡಿ ಮಧ್ಯಾಹ್ನದವರೆಗೂ ಕೋಣೆಯಿಂದ ಆಚೆ ಬರಲಿಲ್ಲ. ಬಂದವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಮೊಟ್ಟೆ ಮಾಡಲಾ ಎಂದೆ. ಬೇಡ ಎಂದ.

ನವೆಂಬರ್ 17, ಭಾನುವಾರ

ಚರ್ಚಿನಿಂದ ನೇರ ಅಪ್ಪನ ಹತ್ತಿರ ಹೋದೆ. ವೃದ್ಧರ ಆರೈಕೆ ಮನೆಯ ಊಟದ ಹಾಲಿನಲ್ಲಿ, ಅಲ್ಲಿ ಕೆಲಸ ಮಾಡುವ ವನೆಟಾ ಪ್ರೂಯಿಟ್ ಅಪ್ಪನಿಗೆ ಸೂಪು ಕುಡಿಸುತ್ತಿದ್ದರು. ಎಂಬತ್ತೊಂದನೆ ನಂಬರಿನ ಹುಡುಗನ ತಾಯಿ. ತಾಯಿ ಮಗ ಇಬ್ಬರೂ ಯಂಗ್ಸ್‌ಟೌನಿನಿಂದ ಬಂದು ಎರಡು ವರ್ಷವಾಯಿತು. ಊರಿನಲ್ಲಿ ಈಗಲೂ ಅವರನ್ನು ‘ಹೊಸಬರು’ ಎನ್ನುತ್ತಾರೆ.

ಅಪ್ಪನಿಗೆ ಎಂಬತ್ತೆರಡು. ಉಕ್ಕಿನ ಕಾರ್ಖಾನೆ ಅವರ ಕಿವಿಯನ್ನು ತಿಂದುಹಾಕಿತು, ದನಿಯನ್ನು ಮಾತ್ರ ಹಾಗೇ ಬಿಟ್ಟಿತು. “ಗ್ರೇಡಿ ಸರಿಯಾದ್ ಜಾಗಕ್ಕೇ ಹಾಕ್ದ!” ಎಂದು ಇಡೀ ಹಾಲಿಗೆ ಕೇಳುವಂತೆ ಹೇಳಿದರು. “ಹಿಡ್ಯೋನಿಗೆ ತಲೆ ಇರ್ಬೇಕು. ಏನಮ್ಮಾ, ನಿನ್ನ ಮಗ ತಾನೆ ಅವ್ನು? ಎಡ ಯಾವ್ದು ಬಲ ಯಾವ್ದು ಅಂತ ಕಲಿಸ್ಲಿಲ್ವಾ ನೀನು?”

“ಅಪ್ಪಾ!” ಎಂದೆ.

ವನೆಟಾ ಅಪ್ಪನ ಗಲ್ಲ ಒರೆಸಿದರು. “ಇನ್ನೊಂದೇ ಚಮಚ, ಸ್ಟಾನ್. ಬಾಯಿ ತೆಗೀರಿ.” ಅಪ್ಪ ಮಗುವಿನಂತೆ ಬಾಯಿ ತೆರೆದರು. ವನೆಟಾ ನನ್ನ ಕಡೆ ನೋಡದೆಯೇ ಹೇಳಿದರು: “ಚೀಟೀಲಿ ಹಾಗೇ ಇತ್ತು ಅಂತಾನೆ, ಮಿಸೆಸ್ ಕೊವಾಲಿಕ್. ಮೊನ್ನೆಯಿಂದ ಅದೊಂದೇ ಮಾತು.”

“ಮಳೇಲಿ ಯಾರ ಕಣ್ಣಿಗಾದ್ರೂ ತಪ್ಪು ಕಾಣುತ್ತೆ” ಎಂದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ ಎಂದುಕೊಂಡಿದ್ದೇನೆ.

ಸಂಜೆ ನಾಲ್ಕು ಗಂಟೆ. ಆಟ ಮುಗಿದ ಮೇಲೆ ಪಟ್ಟಿಗಳನ್ನೆಲ್ಲ ಚೀಲದಲ್ಲಿ ತುಂಬಿ ನನ್ನ ಕಾರಿಗೆ ಹಾಕುತ್ತಾರೆ. ಚೀಟಿ ತೆಗೆದು ಹರಿದು, ಪಟ್ಟಿ ಒಗೆಯುವುದು ನನ್ನ ಕೆಲಸ. ವಾಸನೆ ಬರುವ ಮೊದಲು ಒಗೆದುಬಿಡೋಣವೆಂದು ಚೀಲ ತೆರೆದೆ.

ಎಂಬತ್ತೊಂದರ ಪಟ್ಟಿಯ ಚೀಟಿ ಒಣಗಿಯೇ ಇತ್ತು. ಉಳಿದವೆಲ್ಲ ಒದ್ದೆ ಮುದ್ದೆ. ಆಗ ನೆನಪಾಯಿತು. ಮಧ್ಯಂತರ ವಿರಾಮದಲ್ಲಿ ಅವನು ಬೇಲಿಯ ಹತ್ತಿರ ಓಡಿಬಂದಿದ್ದ. “ಮಿಸೆಸ್ ಕೆ, ನನ್ನ ಚೀಟಿ ಶಾಯಿಯೆಲ್ಲ ಹರಡಿ ಹೋಗಿದೆ, ಇನ್ನೊಂದಿದ್ಯಾ?” ನಾನು ಮಳೆಕೋಟಿನ ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಹೆಚ್ಚುವರಿ ಚೀಟಿ ಕೊಟ್ಟಿದ್ದೆ. ಹುಷಾರಾಗಿ ತಂದಿದ್ದೇನಲ್ಲ ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು.

ಚೀಟಿಯ ಅಡಿಯಲ್ಲಿ ಎದುರಾಳಿಯ ಹೆಸರನ್ನು ಸಣ್ಣಕ್ಷರದಲ್ಲಿ ಹಾಕುವುದು ನನ್ನದೇ ಪದ್ಧತಿ. ಇದರಲ್ಲಿ ಇದ್ದದ್ದು ಕಳೆದ ವಾರದ ಎದುರಾಳಿಯ ಹೆಸರು. ಆ ಕೋಟನ್ನು ನಾನು ಕಳೆದ ವಾರವೂ ಹಾಕಿಕೊಂಡಿದ್ದೆ.

ಮೂವತ್ತನಾಲ್ಕನೆಯ ಸಾಲು: ಒಳಕ್ಕೆ.

ಮೇಲಿನ ಇಪ್ಪತ್ತು ಸಾಲು, ಚೆಂಡು ಹಿಡಿದು ಓಡುವ ಆಟಗಳವು, ಯಾವ ವಾರವೂ ಬದಲಾಗುವುದಿಲ್ಲ. ದ್ವಿತೀಯಾರ್ಧವಿಡೀ ಮಳೆಯಲ್ಲಿ ನಮ್ಮವರು ಬರೀ ಓಡಿದರು. ಕೊನೆಯ ಆಟಕ್ಕೆ ಮೊದಲು ಎಸೆದದ್ದು ಎರಡೇ ಸಲ, ಎರಡೂ ಇನ್ನೊಂದು ಬದಿಗೆ. ಅದಕ್ಕೇ ಕೊನೆಯವರೆಗೂ ಯಾರಿಗೂ ಗೊತ್ತಾಗಲಿಲ್ಲ.

ನಾಳೆ ಕೋಚ್‌ಗೆ ಹೇಳುತ್ತೇನೆ.

ನವೆಂಬರ್ 18, ಸೋಮವಾರ

ಹೇಳಲಿಲ್ಲ.

ಶಾಲೆಯಲ್ಲಿ ಹೇಳಬಹುದಿತ್ತು. ಹಾಜರಿ ಕಚೇರಿಯಲ್ಲಿ ಕೂರುವವಳು ನಾನು, ಕೋಚ್ ನನ್ನ ಕಿಟಕಿಯ ಮುಂದೆ ದಿನಕ್ಕೆ ಆರು ಸಲ ಓಡಾಡುತ್ತಾರೆ. ಆರು ಸಲವೂ ನಾನು ಫೋನಿನಲ್ಲಿದ್ದೆ ಅಥವಾ ಇದ್ದಂತೆ ಮಾಡಿದೆ.

ಸಂಜೆ ಅಗ್ನಿಶಾಮಕ ಠಾಣೆಯ ಹಾಲಿನಲ್ಲಿ ಸೋಮವಾರದ ಫಿಲ್ಮ್. ಗೆದ್ದರೂ ಸೋತರೂ ಕೋಚ್ ಬಂದು ಸಂಘದವರಿಗೆ ಆಟ ತೋರಿಸುವುದು ನನ್ನ ಬಾಲ್ಯದಿಂದ ನಡೆದುಬಂದದ್ದು. ಗೋಡೆಗೆ ಬಿಳಿ ಬಟ್ಟೆ, ದೊಡ್ಡ ಪಾತ್ರೆಯಲ್ಲಿ ಬೀನ್ಸ್ ಮಾಂಸದ ಚಿಲ್ಲಿ, ಮಡಚುವ ಕುರ್ಚಿಗಳು. ಎಂದಿಗಿಂತ ಎರಡರಷ್ಟು ಜನ. ಮೊದಲ ಮೂರು ಕಾಲುಭಾಗ ಯಾರೂ ನೋಡಲಿಲ್ಲ. ಕೊನೆಯ ಆಟ ಬಂದಾಗ ರಸ್ ಎದ್ದು “ನಿಲ್ಸಿ, ಅಲ್ಲೇ ನಿಲ್ಸಿ” ಎಂದು ಬಿಲಿಯರ್ಡ್ಸ್ ಕೋಲಿನಿಂದ ಪರದೆ ಮುಟ್ಟಿದ.

“ಇಲ್ನೋಡಿ. ಚೆಂಡು ಗಾಳೀಲಿದೆ. ಇವ್ನ ಬೆನ್ನು ನಮ್ ಕಡೆ. ಅಲ್ಲಾ, ನನ್ನ ನಾಯೀನೂ ಚೆಂಡು ಎಸೆದ ಕಡೆ ಓಡುತ್ತೆ!”

ನಗು.

“ನಿನ್ನ ನಾಯಿಗೆ ಸ್ಕೂಲಲ್ಲಿ ಸೀಟು ಕೊಡಿಸು ರಸ್” ಎಂದಳು ಲಾಟಿ ಕೆಂಪ್. ಎಪ್ಪತ್ತು ದಾಟಿದ ಅವಳು ಶಾಲೆಯ ಬಸ್ಸು ಓಡಿಸಿದವಳು, ಯಾರಿಗೂ ಹೆದರುವುದಿಲ್ಲ. “ಎರಡು ವರ್ಷದಿಂದ ನೋಡ್ತಿದೀನಿ, ಆ ಹುಡುಗ ಒಂದ್ ಸಲ ತಪ್ಪು ದಾರಿ ಓಡಿಲ್ಲ. ಎಸೆಯೋನು ತಲೆ ಎತ್ತಿ ನೋಡ್ಬೇಕಿತ್ತು. ಅಲ್ಲಿ ಯಾರೂ ಇಲ್ಲ ಅಂದ್ರೆ ಚೆಂಡು ಹಿಡ್ಕೊಂಡು ಕೂತ್ಕೊಳ್ಳೋದಪ್ಪ!”

“ಆ ಆಟದಲ್ಲಿ ನೋಡೋಕೆ ಪುರಸೊತ್ತಿರಲ್ಲ ಲಾಟಿ” ಎಂದರು ಕೋಚ್. “ಅವ್ನು ತಿರುಗೋ ಮೊದ್ಲೇ ಇವ್ನ ಕೈಯಿಂದ ಚೆಂಡು ಹೋಗಿರ್ಬೇಕು. ಅವ್ನು ಅಲ್ಲಿರ್ತಾನೆ ಅನ್ನೋ ನಂಬಿಕೆ ಮೇಲೆ ಎಸೆಯೋದು.”

“ಹಂಗಾದ್ರೆ ನಂಬಿ ಕೆಟ್ಟ ನಮ್ ಗ್ರೇಡಿ” ಎಂದ ಡೀನ್, ನನ್ನ ಪಕ್ಕದಿಂದ. ಚಪ್ಪಾಳೆ ಬಿತ್ತು.

ಲಾಟಿ ಬಿಡಲಿಲ್ಲ. “ಚೀಟೀಲಿ ಒಳಕ್ಕೆ ಅಂತಿತ್ತು ಅಂತಾನಂತಲ್ಲ ಹುಡುಗ. ಆ ಚೀಟಿ ಯಾರಾದ್ರೂ ನೋಡಿದೀರಾ?”

ಎಲ್ಲರೂ ನನ್ನ ಕಡೆ ತಿರುಗಿದರು. ಚಿಲ್ಲಿಯ ತಟ್ಟೆ ನನ್ನ ತೊಡೆಯ ಮೇಲಿತ್ತು.

“ಎಲ್ಲಾ ಒಂದೇ ಹಾಳೇಲಿ ಕತ್ತರಿಸಿದ್ದು” ಎಂದೆ.

ಶನಿವಾರ ಹೇಳಿದ್ದ ಅದೇ ವಾಕ್ಯ, ಒಂದು ಪದವೂ ಬೇರೆಯಲ್ಲ.

ನವೆಂಬರ್ 20, ಬುಧವಾರ

ಪ್ರೂಯಿಟ್ ಮನೆಯ ಅಂಗಳದಲ್ಲಿ ಯಾರೋ ರಸ್ತೆಯ ಫಲಕ ಕಿತ್ತು ತಂದು ನೆಟ್ಟಿದ್ದಾರೆ. ಎಡ ತಿರುವು ನಿಷೇಧ. ಡೀನ್ ಊಟದ ಹೊತ್ತಿನಲ್ಲಿ ಫೋನಿನಲ್ಲಿ ಚಿತ್ರ ತೋರಿಸಿದ. “ತಪ್ಪೇ, ಆದ್ರೂ ಯಾರ ತಲೆಗೆ ಹೊಳೀತೋ ನೋಡು” ಎಂದು ನಕ್ಕ. ನನ್ನ ತುಟಿಯೂ ಅಲುಗಿತು. ಗ್ರೇಡಿ ತಟ್ಟೆ ಬಿಟ್ಟು ಎದ್ದುಹೋದ.

ನನ್ನ ಪರವಾಗಿ ಹೇಳಬಹುದಾದದ್ದನ್ನು ಪ್ರಾಮಾಣಿಕವಾಗಿ ಬರೆದು ನೋಡಿದೆ. ಋತು ಮುಗಿದಿದೆ, ಹೇಳಿದರೆ ಸ್ಕೋರು ಬದಲಾಗುವುದಿಲ್ಲ. ಎರಡು ವಾರದಲ್ಲಿ ಜನ ಬಾಸ್ಕೆಟ್‌ಬಾಲ್ ಮಾತಾಡುತ್ತಾರೆ. ಚೀಟಿಯ ಅಡಿಯಲ್ಲಿ ಎದುರಾಳಿಯ ಹೆಸರು ಇತ್ತು, ಆ ಹುಡುಗ ಓದಿ ನೋಡಬಹುದಿತ್ತು.

ಕೊನೆಯದನ್ನು ಹೊಡೆದುಹಾಕಿದ್ದೇನೆ. ಆದರೆ ಬರೆದದ್ದಂತೂ ನಾನೇ.

ನವೆಂಬರ್ 21, ಗುರುವಾರ

ಜೋನಾ ಪ್ರೂಯಿಟ್: ಗೈರು.

ನವೆಂಬರ್ 22, ಶುಕ್ರವಾರ

ಇವತ್ತೂ ಗೈರು. ಎಂಟೂವರೆಗೆ ಅವನ ತಾಯಿಯ ಫೋನ್ ಬಂತು. ನಿಯಮದ ಪ್ರಕಾರ ನಾನು ಕಾರಣ ಕೇಳಿ ಬರೆದುಕೊಳ್ಳಬೇಕು.

“ಕಾರಣ?” ಎಂದೆ.

ಅತ್ತ ಕಡೆ ತಟ್ಟೆಗಳ ಸದ್ದು. ಆರೈಕೆ ಮನೆಯಲ್ಲಿ ತಿಂಡಿಯ ಹೊತ್ತು. “ನೀವೇನು ಬರ್ಕೊಂಡ್ರೆ ನಿಮ್ಗೆ ಸುಲಭವೋ ಅದ್ನೇ ಬರ್ಕೊಳ್ಳಿ, ಮಿಸೆಸ್ ಕೊವಾಲಿಕ್.”

ಜ್ವರ ಎಂದು ಬರೆದುಕೊಂಡೆ. ಅವರು ಇಡುವ ಮೊದಲು, “ನಿಮ್ಮಪ್ಪ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಾರೆ” ಎಂದರು.

ನವೆಂಬರ್ 24, ಭಾನುವಾರ

ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ. ಕೋಚ್‌ನ ಹೆಂಡತಿ, ರಸ್‌ನ ಹೆಂಡತಿ, ಮತ್ತಿಬ್ಬರು. ಮಾತು ಅಲ್ಲಿಗೇ ಬಂತು. ಆ ಹುಡುಗನಿಗೆ ಸೊಕ್ಕು ಎಂದಳು ರಸ್‌ನ ಹೆಂಡತಿ. ನಾನು ಅವನ ಪರವಹಿಸಿದೆ: “ಸೊಕ್ಕಲ್ಲ, ಪಾಪ. ಒಳ್ಳೇ ಹುಡುಗ. ಒತ್ತಡ ಬಂದಾಗ ಗಲಿಬಿಲಿ ಮಾಡ್ಕೋತಾನೆ, ಅಷ್ಟೇ.”

“ನಿನ್ನ ಮನಸ್ಸು ದೊಡ್ಡದು ಮಾರ್ಸಿ. ಅವ್ನಿಂದ ನಿನ್ನ ಮಗಂಗೇ ಇಷ್ಟು ಅನ್ಯಾಯ ಆದ್ರೂ...” ಎಂದರು ಕೋಚ್‌ನ ಹೆಂಡತಿ, ನನ್ನ ಕೈ ಒತ್ತಿ.

ಕಾಫಿ ಚೆನ್ನಾಗಿತ್ತು. ಎರಡು ಲೋಟ ಕುಡಿದೆ.

ನವೆಂಬರ್ 26, ಮಂಗಳವಾರ

ನಿಧಾನವಾಗಿ ಬರೆಯುತ್ತೇನೆ.

ಕೋಚ್ ಇವತ್ತು ನನ್ನ ಕಿಟಕಿಯ ಮುಂದೆ ನಿಂತರು. ಜೋನಾನ ಹಾಜರಿ ಪಟ್ಟಿ ಬೇಕಿತ್ತು. ಯಾಕೆ ಎಂದೆ. ಪೆನ್ಸಿಲ್ವೇನಿಯಾದ ಕಾಲೇಜಿನ ಕೋಚ್ ಒಬ್ಬರು ಬೇಸಿಗೆಯಿಂದ ಅವನ ಮೇಲೆ ಕಣ್ಣಿಟ್ಟಿದ್ದಾರೆ. ಸಣ್ಣ ಕಾಲೇಜು, ಆದರೆ ಅಲ್ಲಿ ಆಡುತ್ತಾ ಓದಬಹುದು. ಅವನಿಗೆ ಬಂದಿದ್ದು ಅದೊಂದೇ ಕರೆ. ಡಿಸೆಂಬರ್ ಮೊದಲ ವಾರದಲ್ಲಿ ಅವರು ಹೆಸರು ಅಂತಿಮ ಮಾಡುತ್ತಾರೆ.

“ನಿನ್ನೆ ಫೋನ್ ಮಾಡಿದ್ರು. ಫಿಲ್ಮ್ ನೋಡಿದಾರೆ. ‘ಹೇಳಿದ್ದು ಕೇಳೋ ಹುಡುಗನಾ?’ ಅಂದ್ರು. ನಾನೇನು ಸುಳ್ಳು ಹೇಳ್ಲಾ? ಒಳ್ಳೇ ಹುಡುಗ, ಒತ್ತಡ ಬಂದಾಗ ಗಲಿಬಿಲಿ ಮಾಡ್ಕೋತಾನೆ ಅಂದೆ.”

ನಾನು ಪಟ್ಟಿ ಮುದ್ರಿಸುತ್ತಿದ್ದೆ. ಯಂತ್ರ ಹಾಳೆಯನ್ನು ಅರ್ಧ ಹೊರಗೆ ತಳ್ಳಿ ನಿಂತಿತು.

“ಅವ್ರು ಏನಂದ್ರು?”

“ಇನ್ನೊಬ್ಬ ಹುಡುಗ ಇದಾನಂತೆ ಲಿಸ್ಟಲ್ಲಿ. ನೋಡ್ತೀವಿ ಅಂದ್ರು. ನೋಡ್ತೀವಿ ಅಂದ್ರೆ ಏನರ್ಥ, ನಿಂಗೊತ್ತಲ್ಲ.”

ನನ್ನದೇ ಮಾತು. ಕಾಫಿಯ ಮೇಜಿನಿಂದ ಕೋಚ್‌ನ ಮನೆಗೆ, ಅಲ್ಲಿಂದ ಪೆನ್ಸಿಲ್ವೇನಿಯಾಕ್ಕೆ, ಒಂದೇ ದಿನದಲ್ಲಿ.

ಆಗಲೂ ಹೇಳಲಿಲ್ಲ. ಕೋಚ್ ಎದುರಿಗೇ ಇದ್ದರು, ಚೀಟಿ ನನ್ನ ಕೈಚೀಲದಲ್ಲಿತ್ತು. ಹಾಳೆ ಸರಿಪಡಿಸಿ, ಪಟ್ಟಿ ಕೊಟ್ಟೆ. ಒಂಬತ್ತು ದಿನದಿಂದ ನಾನು ಸಮಯ ಕೂಡಿಬರಲಿ ಎಂದು ಕಾಯುತ್ತಿರುವವಳಂತೆ ಬರೆಯುತ್ತಾ ಬಂದಿದ್ದೇನೆ. ಹಿಂದಿನ ಪುಟಗಳನ್ನು ಓದಿದೆ. ಕಾಯುವವಳ ಬರವಣಿಗೆ ಅಲ್ಲ ಅದು.

ನವೆಂಬರ್ 28, ಗುರುವಾರ, ಥ್ಯಾಂಕ್ಸ್‌ಗಿವಿಂಗ್

ಅಪ್ಪನನ್ನು ಮಧ್ಯಾಹ್ನದ ಊಟಕ್ಕೆ ಕರೆತಂದಿದ್ದೆವು. ಟರ್ಕಿ ಕೋಳಿ, ಆಲೂ, ಅಮ್ಮ ಮಾಡುತ್ತಿದ್ದ ಹಾಗೆ ಎಲೆಕೋಸು ಹಾಕಿದ ಹಲೂಷ್ಕಿ ನೂಡಲ್ಸ್. ಈ ಮನೆಯಲ್ಲಿ ತಿನ್ನುವ ಮೊದಲು ಒಬ್ಬೊಬ್ಬರೂ ಒಂದೊಂದು ವಿಷಯಕ್ಕೆ ಕೃತಜ್ಞತೆ ಹೇಳಬೇಕು. ಡೀನ್ ಹೇಳಿದ. ಅಪ್ಪನ ಸರದಿ ಬಂತು.

“ನನ್ನ ಮೊಮ್ಮಗ ಗಂಡಸಿನ ಹಾಗೆ ಆಡ್ದ. ಯಾರೋ ತಲೆಕೆಟ್ಟೋನು ಮಾಡಿದ್ದಕ್ಕೆ ಇವ್ನು ತಲೆ ತಗ್ಗಿಸ್ಬೇಕಾಗಿಲ್ಲ. ಅದಕ್ಕೆ ದೇವ್ರಿಗೆ ಥ್ಯಾಂಕ್ಸ್!”

“ಅವ್ನು ತಲೆಕೆಟ್ಟೋನಲ್ಲ ತಾತ” ಎಂದ ಗ್ರೇಡಿ.

“ಆಂ?”

“ತಲೆಕೆಟ್ಟೋನಲ್ಲ ಅಂದೆ!”

“ಬಿಡೋ, ಹಬ್ಬದ ದಿನ” ಎಂದ ಡೀನ್. “ನಿನ್ನ ಸರದಿ, ಹೇಳು.”

“ನನ್ಹತ್ರ ಏನಿಲ್ಲ” ಎಂದು ಗ್ರೇಡಿ ತಿನ್ನತೊಡಗಿದ.

ಊಟವಾದ ಮೇಲೆ ಡೀನ್ ಮತ್ತು ಅಪ್ಪ ಟೀವಿಯ ಮುಂದೆ ಕೂತರು, ಅಲ್ಲೂ ಫುಟ್‌ಬಾಲ್. ನಾನು ತೊಳೆಯುತ್ತಿದ್ದೆ, ಗ್ರೇಡಿ ಒರೆಸುತ್ತಿದ್ದ. ಅವನು ತಟ್ಟೆಯನ್ನು ನೋಡುತ್ತಲೇ ಹೇಳಿದ.

“ಅಮ್ಮಾ, ಆ ಆಟದ ಹಿಂದಿನ ವಾರದ ಮೂವತ್ತನಾಲ್ಕು ಒಳಕ್ಕೆ ಇತ್ತು.”

ನಾನು ನಲ್ಲಿ ನಿಲ್ಲಿಸಲಿಲ್ಲ. ನೀರಿನ ಸದ್ದು ಬೇಕಿತ್ತು.

“ಅವ್ನು ಮೈದಾನದಲ್ಲೇ ನಂಗೆ ಪಟ್ಟಿ ತೋರ್ಸಿದ. ‘ನೋಡೋ, ಒಳಕ್ಕೆ ಅಂತಾನೇ ಇದೆ’ ಅಂದ. ನಾನು ನೋಡ್ದೆ. ಕೆಳಗೆ ಹೆಸರು ಬೇರೆ ಇತ್ತು. ಬಸ್ಸಲ್ಲಿ ಎಲ್ಲರೂ ಅವ್ನಿಗೆ ಬೈತಿದ್ರು. ನಾನು ಕಿವಿಗೆ ಇಯರ್‌ಫೋನ್ ಹಾಕ್ಕೊಂಡೆ. ಹಾಡೇನೂ ಹಾಕಿರ್ಲಿಲ್ಲ.”

“ಯಾಕೋ ಹೇಳ್ಲಿಲ್ಲ?”

“ಹೇಳಿದ್ರೆ ಎಲ್ಲಾ ನಿನ್ಮೇಲೆ ಬರ್ತಿತ್ತು. ನಿಂಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ ಮೊದ್ಲು. ಚೀಲ ತೆಗೆದ್ಮೇಲೆ ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಭಾನುವಾರ ಪಟ್ಟಿ ಒಗೆದು ಹಗ್ಗದ ಮೇಲೆ ಹಾಕಿದ್ದೆ ನೀನು. ಎಣಿಸ್ದೆ. ಇಪ್ಪತ್ತೆರಡೂ ಇತ್ತು. ಸೋಮವಾರ ಅಪ್ಪ ಬಂದು, ನೀನು ಫಿಲ್ಮಲ್ಲಿ ಏನಂದೆ ಅಂತ ಹೇಳಿದ್ರು.” ತಟ್ಟೆಯನ್ನು ಕಪಾಟಿನಲ್ಲಿಟ್ಟ. “ಆಮೇಲೆ ಕಾಯ್ಲಿಲ್ಲ.”

ಒಳಗಿನ ಕೋಣೆಯಲ್ಲಿ ಡೀನ್ ಯಾರಿಗೋ ಚಪ್ಪಾಳೆ ತಟ್ಟಿದ. ನಾನು ಕೈ ಒರೆಸಿಕೊಂಡು ಮಗನ ಭುಜ ಮುಟ್ಟಲು ಹೋದೆ. ಅವನು ಸರಿಯಲಿಲ್ಲ. ಸರಿದಿದ್ದರೇ ಚೆನ್ನಾಗಿತ್ತು.

ಹದಿನೇಳು ವರ್ಷದವನು ಹದಿಮೂರು ದಿನ ನನ್ನನ್ನು ಕಾಪಾಡಿದ್ದಾನೆ. ನಾನು ಅವನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ.

ನವೆಂಬರ್ 29, ಶುಕ್ರವಾರ

ಬೆಳಿಗ್ಗೆ ಹತ್ತಕ್ಕೆ ಆರೈಕೆ ಮನೆಗೆ ಹೋದೆ. ವನೆಟಾ ಬಟ್ಟೆಕೋಣೆಯಲ್ಲಿ ಹಾಸಿಗೆ ಚಾದರ ಮಡಚುತ್ತಿದ್ದರು. ಬಾಗಿಲು ಹಾಕಿದೆ. ನಾಲ್ಕು ವಾಕ್ಯ ಸಿದ್ಧ ಮಾಡಿಕೊಂಡು ಹೋಗಿದ್ದೆ, ಎರಡರಲ್ಲೇ ಮುಗಿಯಿತು. ಚೀಟಿಯನ್ನು ಚಾದರಗಳ ಮೇಲಿಟ್ಟೆ.

ಅವರು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಬಗ್ಗಿ ಓದಿದರು. ಸಾಲು ಓದಿದರು, ಕೆಳಗಿನ ಹೆಸರು ಓದಿದರು.

“ಯಾವತ್ತು ಸಿಕ್ತು?”

“ಆಟದ ಮಾರನೇ ದಿನ ಅಲ್ಲ, ಅದರ ಮಾರನೇ ದಿನ. ಭಾನುವಾರ.”

“ನಾನು ನಿಮ್ಮಪ್ಪಂಗೆ ಸೂಪ್ ಕುಡಿಸಿದ ದಿನ.”

“ಹೌದು. ಆಮೇಲೆ, ಸಂಜೆ.”

“ಹನ್ನೆರಡು ದಿನ.” ಅವರು ಚಾದರದ ಮೂಲೆಗೆ ಮೂಲೆ ಸೇರಿಸಿ ಮಡಚಿದರು. “ನನ್ನ ಮಗ ಅವ್ನ ಕಣ್ಣನ್ನ ಅವ್ನೇ ನಂಬೋದು ಬಿಟ್ಬಿಟ್ಟಿದಾನೆ, ಗೊತ್ತಾ? ಮೊನ್ನೆ ‘ಅಮ್ಮಾ, ಹೊರಕ್ಕೆ ಅಂತಾನೇ ಇತ್ತೇನೋ, ನಾನೇ ತಪ್ಪು ಓದ್ದೆನೇನೋ’ ಅಂದ. ನಾನೂ ‘ಇರಬಹುದು ಕಣೋ’ ಅಂದೆ. ನಾನು, ಅವ್ನ ತಾಯಿ.”

“ಕ್ಷಮಿಸಿ” ಎಂದೆ.

“ಇದು ಬಟ್ಟೆಕೋಣೆ, ಮಿಸೆಸ್ ಕೊವಾಲಿಕ್. ಇಲ್ಲಿ ಯಾರಿದಾರೆ ಕೇಳೋಕೆ? ಎಲ್ಲಾ ಒಂದೇ ಹಾಳೇಲಿ ಕತ್ತರಿಸಿದ್ದು ಅಂತ ಎಲ್ಲಿ ಹೇಳಿದ್ರಿ?”

“ಠಾಣೆಯ ಹಾಲಿನಲ್ಲಿ.”

“ಹಾಗಾದ್ರೆ ಅಲ್ಲಿ ಹೇಳಿ. ಆ ಕಾಲೇಜಿನೋರಿಗೂ ಹೇಳಿ. ಅವ್ರು ತಗೋತಾರೋ ಬಿಡ್ತಾರೋ, ಅದು ನಿಮ್ಮ ಕೈಲೂ ಇಲ್ಲ ನನ್ನ ಕೈಲೂ ಇಲ್ಲ. ನಾವಂತೂ ಜನವರೀಲಿ ಯಂಗ್ಸ್‌ಟೌನಿಗೆ ಹೊರಟ್ವಿ. ಇಲ್ಲಿ ನೋಟಿಸ್ ಕೊಟ್ಟಾಗಿದೆ.”

ಅವರು ಚಾದರಗಳ ರಾಶಿ ಎತ್ತಿಕೊಂಡರು. ಚೀಟಿ ಕೆಳಗೆ ಬಿತ್ತು. ನಾನು ಬಗ್ಗಿ ಎತ್ತಿಕೊಂಡೆ. ಬಾಗಿಲ ಹತ್ತಿರ ನಿಂತು ಹೇಳಿದರು: “ಹನ್ನೊಂದೂವರೆಗೆ ನಿಮ್ಮಪ್ಪನ ಸೂಪ್. ಇವತ್ತು ನೀವೇ ಕುಡಿಸ್ತೀರಾ? ನಂಗೆ ಇವತ್ತು ಆಗಲ್ಲ.”

ಕುಡಿಸಿದೆ. ಅಪ್ಪ ಅರ್ಧ ಚೆಲ್ಲಿಕೊಂಡರು. “ಆಯಮ್ಮ ಎಲ್ಲಿ? ಅವ್ಳು ಚೆನ್ನಾಗಿ ಕುಡಿಸ್ತಾಳೆ” ಎಂದರು.

ಡಿಸೆಂಬರ್ 1, ಭಾನುವಾರ

ಡೀನ್‌ಗೆ ನಿನ್ನೆ ಹೇಳಿದೆ. “ಈಗ್ಯಾಕೆ? ಎಲ್ಲಾ ತಣ್ಣಗಾಗ್ತಿದೆಯಲ್ಲ” ಎಂದ. ಆ ಫಲಕ ಇನ್ನೂ ಅಲ್ಲೇ ಇದೆ ಎಂದೆ. ಅವನು ಗ್ಯಾರೇಜಿಗೆ ಹೋದ. ಸ್ವಲ್ಪ ಹೊತ್ತಿಗೆ ಪಿಕಪ್ ಹೊರಟ ಸದ್ದಾಯಿತು. ಇವತ್ತು ಚರ್ಚಿಗೆ ಹೋಗುವಾಗ ನೋಡಿದೆ, ಜೋನಾನ ಮನೆಯ ಅಂಗಳದಲ್ಲಿ ಫಲಕವಿಲ್ಲ, ಹುಲ್ಲಿನಲ್ಲಿ ಒಂದು ಗುಂಡಿ ಮಾತ್ರ ಇದೆ.

ಕೋಚ್‌ಗೆ ಫೋನ್ ಮಾಡಿ ಹೇಳಿದೆ. ಅವರು ಮೊದಲು ಅಂದದ್ದು, “ಅಯ್ಯೋ, ನಾನು ಅವ್ರಿಗೆ ಹೇಳ್ಬಿಟ್ನಲ್ಲ.” ಎರಡನೆಯದು, “ಇದ್ನ ನಾನೇ ಅವ್ರಿಗೆ ಹೇಗಾದ್ರೂ ಸಮಾಧಾನವಾಗಿ ತಿಳಿಸ್ತೀನಿ ಬಿಡು, ನಿನ್ನ ಹೆಸರು ಬೇಡ.” ಬೇಡ ಕೋಚ್, ಹೆಸರು ಬೇಕು ಎಂದೆ. ಹೆಸರಿಲ್ಲದಿದ್ದರೆ ಅದು ಇನ್ನೊಂದು ನೆಪದಂತೆ ಕೇಳುತ್ತದೆ. ಅವನು ನಿಜ ಹೇಳಿದಾಗಲೇ ಅದು ನೆಪದಂತೆ ಕೇಳಿತ್ತಲ್ಲ.

ಮೂರು ಪತ್ರ ಬರೆದಿದ್ದೇನೆ. ಒಂದು ಕಾಲೇಜಿನ ಕೋಚ್‌ಗೆ, ಒಂದು ನಮ್ಮೂರ ವಾರಪತ್ರಿಕೆಗೆ, ಒಂದು ಸಂಘದ ಅಧ್ಯಕ್ಷ ರಸ್ ಹೋಲ್ಕಂಬ್‌ಗೆ, ವರ್ಷದ ಕೊನೆಯ ಸಭೆಯಲ್ಲಿ ಓದಲು. ಅವನು ಓದದಿದ್ದರೆ ನಾನೇ ಎದ್ದು ಓದುತ್ತೇನೆ, ಅದನ್ನೂ ಪತ್ರದಲ್ಲೇ ಬರೆದಿದ್ದೇನೆ. ಮೊದಲ ಕರಡು ಎರಡು ಪುಟವಿತ್ತು. ಮಳೆ, ಗಡಿಬಿಡಿ, ನಾಲ್ಕು ವರ್ಷದ ಸೇವೆ, ಒಂದು ಅಕ್ಷರವೂ ತಪ್ಪದ ದಾಖಲೆ, ಎಲ್ಲ ಅದರಲ್ಲಿತ್ತು. ಗ್ರೇಡಿ ಓದಿ, “ಇದರಲ್ಲಿ ಜೋನಾ ಎಲ್ಲಿದಾನೆ?” ಎಂದ. ಮತ್ತೆ ಬರೆದೆ. ಈಗ ಒಂಬತ್ತು ಸಾಲು:

“ನವೆಂಬರ್ 15ರ ಆಟದ ಮಧ್ಯಂತರ ವಿರಾಮದಲ್ಲಿ ಜೋನಾ ಪ್ರೂಯಿಟ್‌ಗೆ ನಾನು ಕೊಟ್ಟ ಚೀಟಿ ಹಿಂದಿನ ವಾರದ್ದು. ಅದರ ಪ್ರತಿ ಇದರೊಂದಿಗಿದೆ. ಮೂವತ್ತನಾಲ್ಕನೆಯ ಸಾಲು ನೋಡಿ. ಅವನು ತನ್ನ ಚೀಟಿಯಲ್ಲಿ ಇದ್ದಂತೆ ಓಡಿದ. ಅದನ್ನು ಆ ದಿನವೇ ಹೇಳಿದ, ನಾವು ಯಾರೂ ನಂಬಲಿಲ್ಲ. ನವೆಂಬರ್ 17ರಂದು ಈ ಚೀಟಿ ನನ್ನ ಕೈಗೆ ಸಿಕ್ಕಿತು. 18ರಂದು, ಎಲ್ಲರೆದುರು, ಎಲ್ಲ ಚೀಟಿಗಳೂ ಒಂದೇ ಹಾಳೆಯವು ಎಂದು ನಾನು ಸುಳ್ಳು ಹೇಳಿದೆ. ಅವನು ಒತ್ತಡದಲ್ಲಿ ಗಲಿಬಿಲಿಯಾಗುವ ಹುಡುಗ ಎಂಬ ಮಾತನ್ನು ಹುಟ್ಟಿಸಿದವಳೂ ನಾನೇ. ಗಲಿಬಿಲಿಯಾದವಳು ನಾನು.”

ಕೆಳಗೆ ಪೂರ್ತಿ ಹೆಸರು, ಸಹಿ.

ಗ್ರೇಡಿಯೂ ಒಂದು ಸಾಲು ಸೇರಿಸುತ್ತೇನೆಂದ. ಬೇಡ ಎನ್ನಲು ಬಾಯಿ ತೆರೆದವಳು ಪೆನ್ನು ಕೊಟ್ಟೆ. “ಅವನು ಮೈದಾನದಲ್ಲೇ ನನಗೆ ಚೀಟಿ ತೋರಿಸಿದ್ದ. ನಾನೂ ಸುಮ್ಮನಿದ್ದೆ” ಎಂದು ಬರೆದು, ಮೂರು ಪ್ರತಿಗೂ ಸಹಿ ಹಾಕಿದ. ಅವನಿಗೂ ಒಂದು ಕಾಲೇಜಿನಿಂದ ಕರೆ ಬರುವುದಿದೆ.

ಮೂಲ ಚೀಟಿ ಯಾವ ಲಕೋಟೆಗೆ ಹೋಗಬೇಕೆಂದು ಬಹಳ ಹೊತ್ತು ಯೋಚಿಸಿದೆ. ಯಾವುದಕ್ಕೂ ಹಾಕಲಿಲ್ಲ. ಅದು ಜೋನಾನದು. ನಾಲ್ಕನೆಯ ಲಕೋಟೆಯಲ್ಲಿ ಅದನ್ನೊಂದನ್ನೇ ಇಟ್ಟು ಅವನ ಹೆಸರು ಬರೆದೆ. ಜೊತೆಗೆ ಏನಾದರೂ ಬರೆಯೋಣವೆಂದು ಹಾಳೆ ತೆಗೆದೆ, ಹಾಗೇ ಮಡಚಿಟ್ಟೆ. ಅವನ ಕಣ್ಣು ಸರಿಯಾಗಿಯೇ ಓದಿತ್ತು ಎಂಬುದನ್ನು ಅವನು ಅವನ ಕಣ್ಣಿನಿಂದಲೇ ಓದಲಿ.

ಕಾಲೇಜಿನವರು ಆ ಇನ್ನೊಬ್ಬ ಹುಡುಗನ ಹೆಸರು ಬರೆದೂ ಆಗಿರಬಹುದು. ಗೊತ್ತಿಲ್ಲ. ಚೀಟಿ ಸಿಕ್ಕ ಮಾರನೇ ದಿನವೇ ಹಾಕಿದ್ದರೆ ತಡವೇ ಅಲ್ಲ ಎನ್ನಬಹುದಾಗಿತ್ತು.

ನಾಲ್ಕು ಲಕೋಟೆಗಳೂ ಬಾಗಿಲ ಪಕ್ಕದ ಮೇಜಿನ ಮೇಲಿವೆ. ಅಂಚೆಚೀಟಿ ಅಂಟಿಸಿ ಆಯಿತು. ಇವತ್ತು ಅಂಚೆ ಕಚೇರಿ ಇಲ್ಲ. ನಾಳೆ ಬಾಗಿಲು ತೆರೆಯುವುದು ಎಂಟೂವರೆಗೆ. ಶಾಲೆಗೆ ತಡವಾಗಿ ಬರುತ್ತೇನೆಂದು ತಿಳಿಸಿದ್ದೇನೆ. ಕಾರಣ ಕೇಳಿದರು, ಹೇಳಿದೆ.

ಅಂಚೆಗೆ ಹಾಕುವುದು: ಡಿಸೆಂಬರ್ 2, ಸೋಮವಾರ.